ಬಾಟಲಿಯ ಮೇಲಿನ ಚುಕ್ಕಿ

ಮೆಷಿನ್ನಿನಿಂದ ಹೊರಬಂದ ಮೊದಲ ಹಾಳೆಯನ್ನು ಕೈಗೆತ್ತಿಕೊಂಡವಳೇ ಅವಳು ಬೆಚ್ಚಿಬಿದ್ದಳು. ಹಾಳೆಯ ತುಂಬ ಬಿಯರ್ ಬಾಟಲಿಯ ಲೇಬಲ್‌ಗಳು. ಒಂದೊಂದರ ಮೇಲೂ ದಪ್ಪಕ್ಷರದಲ್ಲಿ ಅವಳದೇ ಹೆಸರು: ಚುಕ್ಕಿ.

ಮನೆಯವರು ಇಟ್ಟ ಹೆಸರಲ್ಲ ಅದು. ಈ ಪ್ರೆಸ್ಸಿನಲ್ಲಿ ಬಣ್ಣ ಕಲಸುವ ಅವಳ ಗಲ್ಲದ ಮೇಲೆ ಸದಾ ಒಂದು ಹನಿ ಇಂಕ್ ಅಂಟಿರುತ್ತಿತ್ತು. ಅದನ್ನು ನೋಡಿ ಒಬ್ಬನೇ ಒಬ್ಬ ಹಾಗೆ ಕರೆಯುತ್ತಿದ್ದ. ಬಿಯರ್ ತಯಾರಿಕೆ ಕಲಿಯಲು ಬೇರೆ ಊರಿಗೆ ಹೊರಟಾಗ "ಬರ್ತೀಯಾ?" ಎಂದು ಕೇಳಿದ್ದ. ಆಗ ಅಪ್ಪ ಹಾಸಿಗೆ ಹಿಡಿದಿದ್ದರು. ಅವಳು ಬಾಯಿಗೆ ಬೀಗ ಹಾಕಿಕೊಂಡು ನಿಂತುಬಿಟ್ಟಳು. ಅವನು ಮತ್ತೆ ಕೇಳದೆ ಹೊರಟೇಹೋದ. ಆ ಹೆಸರಿಂದ ಇನ್ನೊಮ್ಮೆ ಕರೆಸಿಕೊಳ್ಳಲು ಅವಳ ಜೀವ ಎಷ್ಟು ಹಂಬಲಿಸಿತೆಂದು ಅವಳಿಗೇ ಗೊತ್ತು.

"ಕಸ್ಟಮರ್ ಬಂದಿದಾರಮ್ಮ," ಎಂದರು ಮೆಷಿನ್ ನಡೆಸುವ ಮಾಮ.

ಹೊಸ ಲೇಬಲ್ ಆದರೆ ಅದರ ಮಾಲೀಕ ಖುದ್ದಾಗಿ ಬಂದು ಬಣ್ಣ ಒಪ್ಪಬೇಕು. ಆಮೇಲೆಯೇ ಉಳಿದ ಹಾಳೆಗಳಿಗೆ ಮೆಷಿನ್ ಓಡುವುದು. ಇದು ಆ ಪ್ರೆಸ್ಸಿನ ಪದ್ಧತಿ.

ಬಂದವನು ಅವನೇ. ಕೊಂಚ ಸೊರಗಿದ್ದ. ತುಂಟ ಕಣ್ಣು ಮಾತ್ರ ಹಾಗೇ ಇತ್ತು. ನೆಟ್ಟಗೆ ಅವಳ ಗಲ್ಲಕ್ಕೇ ಹೋಯಿತು. ಅವಳು ಸರಕ್ಕನೆ ಒರೆಸಿಕೊಂಡಳು. ಹಾಳಾದ ಇಂಕ್ ಮುಖಕ್ಕೆಲ್ಲ ಹರಡಿತು.

"ಬಣ್ಣ ಸರಿ ಇದ್ಯಾ?" ಮುಖ ಗಂಟಿಕ್ಕಿಕೊಂಡೇ ಕೇಳಿದಳು.

ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. "ಕೆಂಪು ಸ್ವಲ್ಪ ಕಮ್ಮಿ."

ಅವಳು ಕಲಸಿದಳು. ಹೊಸ ಹಾಳೆ ಬಂತು.

"ಈಗ ಜಾಸ್ತಿ ಆಯ್ತು."

ಮತ್ತೆ ಕಲಸಿದಳು. ಈ ಸಲ ಹಳದಿಯ ತಕರಾರು.

"ಎಂಥಾ ಕಣ್ಣಪ್ಪಾ ನಿಮ್ದು!" ಎಂದು ಹಣೆ ಚಚ್ಚಿಕೊಂಡು ಮಾಮ ಟೀ ಕುಡಿಯಲು ಹೋದರು.

ಇಬ್ಬರೇ ಉಳಿದದ್ದೇ ತಡ, ಅವಳ ಸಿಟ್ಟು ಕಟ್ಟೆಯೊಡೆಯಿತು. "ನನ್ನ ಕೇಳ್ದೇನೇ ನನ್ನ ಹೆಸರು ಬಾಟ್ಲಿಗೆ ಅಂಟಿಸ್ತೀಯಲ್ಲ, ನಾಚಿಕೆ ಆಗಲ್ವಾ? ಇನ್ಮೇಲೆ ಕಂಡಕಂಡೋರೆಲ್ಲ ಚುಕ್ಕಿ ಕೊಡಿ, ಚುಕ್ಕಿ ಕೊಡಿ ಅಂತಾರೆ!"

"ನಿನ್ನನ್ನಂತೂ ಕರೆಯೋ ಹಾಗಿರ್ಲಿಲ್ಲ," ಎಂದ ಅವನು, ನೆಲ ನೋಡುತ್ತ. "ಆ ಹೆಸರು ಹೇಳೋಕೆ ನಂಗೊಂದು ನೆಪ ಬೇಕಿತ್ತು. ಬೇಡ ಅಂದ್ರೆ ಹೇಳು, ಬೇರೆ ಹೆಸರಿಟ್ಟು ಹೊರಟುಹೋಗ್ತೀನಿ."

ಅವಳು ಇಂಕಿನ ಡಬ್ಬಿ ಬದಿಗಿಟ್ಟಳು. "ಅವತ್ತು ನಾನು ಬರಲ್ಲ ಅಂದಿರ್ಲಿಲ್ಲ. ಅಪ್ಪನ್ನ ಆ ಸ್ಥಿತೀಲಿ ಬಿಟ್ಟು ಹೇಗೆ ಬರ್ಲಿ? ನೀನು ಇನ್ನೊಂದ್ಸಲ ಕೇಳ್ತೀಯ ಅಂತ ಕಾಯ್ತಾನೇ ಇದೀನಿ."

ಅವನು ತಲೆಯೆತ್ತಿದ. "ಅಪ್ಪ ಈಗ ಹೇಗಿದಾರೆ?"

"ದಿನಾ ನನ್ನ ಮೇಲೆ ರೇಗೋಷ್ಟು ಗಟ್ಟಿಯಾಗಿದಾರೆ." ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಬಣ್ಣ ಮೊದಲ್ನೇ ಹಾಳೇಲೇ ಸರಿ ಇತ್ತು."

"ಗೊತ್ತು. ಒಪ್ಪಿಬಿಟ್ರೆ ಹೊರಡ್ಬೇಕಲ್ಲ."

"ನಂಗೂ ಗೊತ್ತಿತ್ತು. ಅದಕ್ಕೇ ಮಾತಾಡ್ದೆ ಕಲಸ್ತಿದ್ದೆ."

ಬಾಗಿಲಲ್ಲಿ ಮಾಮ ಕೆಮ್ಮಿದರು. "ಏನಮ್ಮ, ಒಪ್ಪಿದ್ರಾ?"

"ಇನ್ನೂ ಇಲ್ಲ ಮಾಮ. ಅವರೊಂದು ಮಾತು ಕೇಳೋದು ಬಾಕಿ ಇದೆ."

ಅವನು ಮಾಮನನ್ನು ನೋಡಿದ, ಅವಳನ್ನು ನೋಡಿದ. ಕಿವಿಯೆಲ್ಲ ಕೆಂಪಾಯಿತು. "ಚುಕ್ಕಿ, ಬರ್ತೀ..."

"ಬರ್ತೀನಿ," ಎಂದಳು, ಅವನ ಮಾತು ಮುಗಿಯಲೂ ಬಿಡದೆ. ಆಮೇಲೆ ಮೊದಲ ಹಾಳೆಯನ್ನು ಮಾಮನ ಕೈಗಿತ್ತಳು. "ಒಪ್ಪಿದ್ರು ಮಾಮ. ಮೆಷಿನ್ ಓಡ್ಸಿ."