ಕರ್ಪೂರ ಆರುವ ಮುಂಚಿನ ಆಟ

ಬಹಳ ಹಿಂದೆ, ಹೊಳೆಗಳಿಗಿನ್ನೂ ಯಾರೂ ಹೆಸರಿಡದಿದ್ದ ಕಾಲದಲ್ಲಿ, ಚೆಂಬೊಳಲು ಎಂಬ ರಾಜ್ಯವಿತ್ತು. ಆ ನಾಡಿನಲ್ಲೊಂದು ಪದ್ಧತಿ. ಯಾರಾದರೂ ಎದುರು ಕೂತು “ತಗೊಳ್ಳಿ, ಸಂಕೋಚ ಬೇಡ” ಎಂದು ಏನನ್ನಾದರೂ ನೀಡಿದರೆ ಬೇಡ ಎನ್ನುವಂತಿರಲಿಲ್ಲ. ಹೊಟ್ಟೆ ಬಿರಿಯುವಂತಿದ್ದರೂ ಮತ್ತೊಂದು ಹೋಳಿಗೆಗೆ ಕೈ ಚಾಚಲೇಬೇಕು. ತೊಟ್ಟಿಲ ಕೂಸಿಗೂ ಇದನ್ನೇ ಕಲಿಸುತ್ತಿದ್ದರು. ಹೀಗಾಗಿ ಆ ನಾಡಿನಲ್ಲಿ ಎಲ್ಲರೂ ಮರ್ಯಾದಸ್ಥರು, ಎಲ್ಲರಿಗೂ ಅಜೀರ್ಣ.

ರಾಜನಿಗೆ ಇಬ್ಬರು ಮಕ್ಕಳು. ಮಗ ಜಯಕೀರ್ತಿ ಅವಸರದವನು. ಕುದುರೆ ಏರಿದ ಮೇಲೆ ಎಲ್ಲಿಗೆ ಹೋಗಬೇಕೆಂದು ಯೋಚಿಸುವವನು. ತಂಗಿ ಪದ್ಮಲೆ ಮಹಾ ನಿಧಾನಿ. ಅವಳು ಊಟಕ್ಕೆ ಕೂತರೆ ಬಡಿಸುವವರು ಗೋಡೆಗೊರಗಿ ತೂಕಡಿಸುತ್ತಿದ್ದರು.

ರಾಜ್ಯದ ಗಡಿಯಲ್ಲಿ ಒಂದು ಗಾಜಿನ ಬೆಟ್ಟ. ಅದರೊಳಗೆ ಕುಟಿಲಾಕ್ಷನೆಂಬ ಮಾಯಾವಿ ಚದುರಂಗದ ಹಾಸು ಹಾಸಿಕೊಂಡು ಕೂತಿದ್ದ. ಅವನನ್ನು ಸತತ ಮೂರು ಆಟ ಸೋಲಿಸಿದವರಿಗೆ ಬೆಟ್ಟವೂ ಅದರೊಳಗಿನ ಸೆರೆಯಾಳುಗಳೂ ಸಿಗಬೇಕೆಂಬುದು ಪಣ. ಒಂದೇ ಒಂದು ಆಟ ಸೋತರೂ ಸೋತವರು ಮರದ ಕಾಯಿಯಾಗಿ ಅಲ್ಲೇ ಉಳಿಯುತ್ತಿದ್ದರು. ನಾಡಿನ ಶೂರರೆಲ್ಲ ಹೋದರು. ಅವರು ಕಾಲು ಮಡಚಿ ಸರಿಯಾಗಿ ಕೂರುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಜಯಕೀರ್ತಿಯೂ ಹೋದ. ಸಂಜೆಗೆ ಮಾಯಾವಿಯ ಕರಡಿ ಬಂದು ಅವನ ಪೇಟವನ್ನು ಅರಮನೆಯ ಬಾಗಿಲಲ್ಲಿಟ್ಟು, ನಮಸ್ಕಾರ ಮಾಡಿ ಹೋಯಿತು.

ಪದ್ಮಲೆಗೆ ಅಣ್ಣನೆಂದರೆ ಪ್ರಾಣ. ಅವಳು ಹೊರಟು ನಿಂತಳು.

“ಅವನಿಗಿಂತ ಚೆನ್ನಾಗಿ ಆಡ್ತೀಯೇನಮ್ಮ?” ಎಂದು ರಾಜ ಕೇಳಿದ.

“ಇಲ್ಲ ಅಪ್ಪಾಜಿ. ಅವನಿಗಿಂತ ನಿಧಾನವಾಗಿ ಆಡ್ತೀನಿ.”

ಗಾಜಿನ ಬೆಟ್ಟದಲ್ಲಿ ಮಾಯಾವಿ ಅವಳನ್ನು ಆದರದಿಂದಲೇ ಬರಮಾಡಿಕೊಂಡ. “ಬಾ ತಾಯಿ. ನಾನೂ ಚೆಂಬೊಳಲಿನವನೇ. ನಿಮ್ಮ ಅರಮನೆಯ ಪಂಕ್ತಿಯಲ್ಲಿ ಉಂಡು ಬೆಳೆದವನು.” ಸೆರೆಯಾಳುಗಳನ್ನೇ ಅವಳ ಕಡೆಯ ಕಾಯಿಗಳಾಗಿ ಜೋಡಿಸಿದ. ರಾಜನ ಪಕ್ಕದಲ್ಲಿದ್ದ ಮಂತ್ರಿಗೆ ಜಯಕೀರ್ತಿಯ ಮುಖವಿತ್ತು. ತುಟಿಯ ಮೇಲಿನ ಮಚ್ಚೆ ಕೂಡ ಹಾಗೇ ಇತ್ತು.

“ನೀನು ಸೋತರೆ ಹೊಡೆತ ತಿಂದ ಕಾಯಿಗಳೆಲ್ಲ ಈ ಒಲೆಗೆ. ನೀನು ಕಾಯಿಯಾಗಿ ಈ ಹಾಸಿನ ಮೇಲಕ್ಕೆ” ಎಂದ ಮಾಯಾವಿ. ಪಕ್ಕದಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಕರಡಿ ಸೌದೆ ತುಂಬುತ್ತಿತ್ತು.

ಮೊದಲ ಆಟ. ಆರಂಭದಲ್ಲೇ ಮಾಯಾವಿ ತನ್ನ ಕಾಲಾಳೊಂದನ್ನು ಅವಳ ಕಾಯಿಯ ಬಾಯಿಗೆ ತಂದಿಟ್ಟ. “ತಗೊಳ್ಳಮ್ಮ, ಸಂಕೋಚ ಬೇಡ.”

ಅವಳ ಕೈ ತಾನಾಗಿಯೇ ಎದ್ದಿತು. ಚೆಂಬೊಳಲಿನ ಕೈಯಲ್ಲವೇ! ಆದರೆ ಪದ್ಮಲೆಯ ಕೈ ಹೊರಟರೂ ತಲುಪುವುದು ತಡ. ದಾರಿಯಲ್ಲಿ ಅವಳು ಹಾಸನ್ನು ನೋಡಿದಳು. ಕಾಲಾಳನ್ನು ತೆಗೆದುಕೊಂಡರೆ ಹಿಂದಿನಿಂದ ಆನೆ ನುಗ್ಗುತ್ತದೆ, ಅವಳ ರಾಜ ಸಿಕ್ಕಿಬೀಳುತ್ತಾನೆ. ಶೂರರೆಲ್ಲ ಬಿದ್ದ ಗುಂಡಿ ಇದೇ.

“ಬೇಡ” ಎಂದಳು.

ಆ ಬೆಟ್ಟದೊಳಗೆ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಕರಡಿಯ ಕೈಯಿಂದ ಸೌದೆ ಬಿತ್ತು. ಮಾಯಾವಿಗೆ ಮುಂದಿನ ನಡೆ ಹೊಳೆಯಲಿಲ್ಲ. ಅವನು ಕಲಿತದ್ದೆಲ್ಲ ಆರಂಭದ ಮೋಸಗಳನ್ನು ಮಾತ್ರ; ಆಟವೊಂದು ನಡುವಿನವರೆಗೆ ಬಂದದ್ದನ್ನೇ ಕಂಡವನಲ್ಲ. ತಡಕಾಡಿದ, ತಪ್ಪಿದ, ಸೋತ.

ಎರಡನೆಯ ಆಟ. ಈ ಸಲ ಇಡೀ ಆನೆಯನ್ನೇ ಮುಂದಿಟ್ಟ. “ತಗೊಳ್ಳಮ್ಮ, ಸಂಕೋಚ ಬೇಡ.”

“ಬೇಡ. ಹಸಿವಿಲ್ಲ.”

ಮಾಯಾವಿ ಬೆವರಿದ. ಮತ್ತೆ ತಡಕಾಡಿದ, ಮತ್ತೆ ಸೋತ. ಪದ್ಮಲೆ ಮಾತ್ರ ಅವನು ಎರೆ ಇಡುವ ರೀತಿಯನ್ನೇ ನೋಡುತ್ತಿದ್ದಳು.

ಮೂರನೆಯ ಆಟಕ್ಕೆ ಕುಟಿಲಾಕ್ಷ ಬುದ್ಧಿ ಓಡಿಸಿದ. ಕರಡಿಯ ಕೈಗೊಂದು ತಟ್ಟೆ ಕೊಟ್ಟು ಅದರಲ್ಲಿ ಕರ್ಪೂರ ಹಚ್ಚಿದ. “ಇದು ಆರುವುದರೊಳಗೆ ನೀನು ಗೆಲ್ಲಬೇಕು. ಇಲ್ಲದಿದ್ದರೆ ಸೋತಂತೆ.”

“ಇದು ಅನ್ಯಾಯ.”

“ಬೆಟ್ಟ ನನ್ನದು ತಾಯಿ.”

ನಿಧಾನಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅವಳಿಗೆ ನಿಜವಾಗಿಯೂ ಭಯವಾಯಿತು. ಬೇಗ ಗೆಲ್ಲುವ ದಾರಿ ಒಂದೇ, ಅದು ಅವನದೇ ದಾರಿ. ಎರೆ ಇಡಬೇಕು. ಸಣ್ಣ ಎರೆಗೆ ಆ ಹೊತ್ತಿಗೆ ಅವನು ಬೀಳುವವನಲ್ಲ. ಹಾಸಿನ ಮೇಲೆ ಅತಿ ದೊಡ್ಡದು ಯಾವುದೋ ಅದನ್ನೇ ಇಡಬೇಕು. ಅದಕ್ಕೆ ಅಣ್ಣನ ಮುಖವಿತ್ತು.

ಅವಳು ಕಾಲಾಳು ನಡೆಸಿದಳು, ಒಂಟೆ ನಡೆಸಿದಳು, ಎರಡೂ ಕುದುರೆಗಳನ್ನು ಹೊರತಂದಳು. ಮಾಯಾವಿಯ ಒಂಟೆ ದೂರದಿಂದ ಅವಳ ಮಂತ್ರಿಯ ಮೇಲೆ ಕಣ್ಣಿಟ್ಟಿತು. ನಡುವೆ ಅಡ್ಡವಾಗಿ ನಿಂತದ್ದು ಒಂದು ಕುದುರೆ ಮಾತ್ರ. ಕರ್ಪೂರ ಅರ್ಧ ಕರಗಿತ್ತು.

ಪದ್ಮಲೆ ಮಂತ್ರಿಯನ್ನು ನೋಡಿದಳು. ಮರದ ಕಣ್ಣಿನಲ್ಲಿ ನೀರಿತ್ತು.

“ಅಣ್ಣಾ, ಕ್ಷಮಿಸು” ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಅಡ್ಡ ನಿಂತಿದ್ದ ಕುದುರೆಯನ್ನು ನೆಗೆಸಿಬಿಟ್ಟಳು. ಮಂತ್ರಿ ಬಯಲಲ್ಲಿ ನಿಂತ.

ಕುಟಿಲಾಕ್ಷ ಅನುಮಾನದಿಂದ ತಲೆ ಎತ್ತಿದ. ಆಗ ಅವಳು ಎರಡೂ ಕೈ ಮುಂದೆ ಮಾಡಿ, ಅರಮನೆಯ ಪಂಕ್ತಿಯಲ್ಲಿ ಬಡಿಸುವವರಂತೆ ಹೇಳಿದಳು:

“ತಗೊಳ್ಳಿ, ಸಂಕೋಚ ಬೇಡ.”

ಬೇರೆ ನಾಡಿನವನಾಗಿದ್ದರೆ ಯೋಚಿಸುತ್ತಿದ್ದನೇನೋ. ಇವನು ಚೆಂಬೊಳಲಿನವನು. ಎಷ್ಟೋ ವರ್ಷದಿಂದ ನೀಡುತ್ತಲೇ ಬಂದಿದ್ದ, ಅವನಿಗೆ ಯಾರೂ ಏನನ್ನೂ ನೀಡಿರಲಿಲ್ಲ. ಬುದ್ಧಿ ತಡೆಯುವ ಮೊದಲೇ ಕೈ ಹೋಗಿ ಮಂತ್ರಿಯನ್ನು ಎತ್ತಿಕೊಂಡಿತು.

ಪದ್ಮಲೆಯ ಒಂಟೆ ನುಗ್ಗಿತು. ಅವನ ರಾಜ ಒಂದು ಮನೆ ಮುಂದೆ ಓಡಿಬಂದ. ಅವಳ ಇನ್ನೊಂದು ಕುದುರೆ ಹಾರಿ ಎದುರು ನಿಂತಿತು. ರಾಜನಿಗೆ ಅತ್ತ ಇತ್ತ ಎತ್ತಲೂ ದಾರಿಯಿರಲಿಲ್ಲ.

“ಮುಗೀತು” ಎಂದಿತು ಕರಡಿ. ತಟ್ಟೆಯಲ್ಲಿ ಕಡೆಯ ಕಿಡಿ ಇನ್ನೂ ಇತ್ತು.

ಬೆಟ್ಟ ಬಿರಿಯಿತು. ಕಾಯಿಗಳೆಲ್ಲ ಮನುಷ್ಯರಾಗಿ, ಮರಗಟ್ಟಿದ್ದ ಕಾಲು ಜಾಡಿಸುತ್ತ ಎದ್ದರು. ಕರಡಿ ತಟ್ಟೆ ಎಸೆದು ಜೇನು ಹುಡುಕಿಕೊಂಡು ಹೋಯಿತು. ಮಾಯಾವಿಯ ಮಾಯೆಯೆಲ್ಲ ಇಳಿದು, ಮುಷ್ಟಿ ಬಿಗಿಹಿಡಿದ ಒಬ್ಬ ಮುದುಕ ಉಳಿದ. ಆ ಮುಷ್ಟಿಯೊಳಗಿದ್ದದ್ದು ಜಯಕೀರ್ತಿಯ ಕಿರುಬೆರಳು.

“ನನ್ನನ್ನೇ ಕೊಟ್ಟುಬಿಟ್ಟೆಯಲ್ಲೇ!” ಎಂದ ಅಣ್ಣ, ಬೆರಳು ಬಿಡಿಸಿಕೊಳ್ಳುತ್ತ.

“ಕೊಡದೆ ಬಿಡಿಸೋದು ಹೇಗಣ್ಣ?” ಎಂದು ಪದ್ಮಲೆ ಗೊಳೋ ಎಂದು ಅತ್ತಳು.

ಮರುದಿನ ಅರಮನೆಯಲ್ಲಿ ಔತಣ. ಮುದುಕನಿಗೂ ಪಂಕ್ತಿಯ ಕೊನೆಯಲ್ಲೊಂದು ಎಲೆ ಹಾಕಿದರು. ಮೂರನೆಯ ಹೋಳಿಗೆಗೆ ಜಯಕೀರ್ತಿಯ ಕೈ ಎಂದಿನಂತೆ ಎದ್ದಿತು. ಅರ್ಧದಲ್ಲಿ ನಿಂತಿತು. ಅವನು ತಂಗಿಯ ಕಡೆ ನೋಡಿ, ಜೀವನದಲ್ಲಿ ಮೊದಲ ಬಾರಿಗೆ ಹೇಳಿದ:

“ಬೇಡ.”

ಪಂಕ್ತಿಗೆ ಪಂಕ್ತಿಯೇ ನೆಮ್ಮದಿಯ ಉಸಿರು ಬಿಟ್ಟಿತು. ಅಂದಿನಿಂದ ಚೆಂಬೊಳಲಿನವರು ಹಸಿದಷ್ಟೇ ಉಂಡು, ಬೇಕಾದ್ದನ್ನಷ್ಟೇ ತೆಗೆದುಕೊಂಡು ಸುಖವಾಗಿದ್ದರು. ಪದ್ಮಲೆಯ ಊಟ ಮಾತ್ರ ಆ ದಿನವೂ ಸಂಜೆಯವರೆಗೆ ನಡೆಯಿತು. ಈ ಸಲ ಯಾರೂ ತೂಕಡಿಸದೆ ಕಾದರು.