ಕ್ರೀಮಿನ ಹೆಂಗಸಿನ ತುಟಿ

ಇಪ್ಪತ್ತು ವರ್ಷದಿಂದ ಗ್ಯಾಲರಿಯ ದೊಡ್ಡ ಗೋಡೆ ಚಿತ್ರಕಲಾ ಮೇಷ್ಟ್ರದು. ಅವರು ಬರೆದ ಸ್ನಾನದ ಹೆಂಗಸು ಅಲ್ಲಿ ಬೆನ್ನು ತೋರಿಸಿಕೊಂಡು, ನೋಡಬಂದ ಗಂಡಸರ ಕಿವಿ ಕೆಂಪಾಗಿಸುತ್ತಿದ್ದಳು. ಈ ವರ್ಷ ಅವಳನ್ನು ಶೌಚಾಲಯದ ಪಕ್ಕಕ್ಕೆ ಸಾಗಹಾಕಿ, ಆ ಜಾಗಕ್ಕೆ ಒಂದು ಮೇಜು ತಂದಿಟ್ಟರು. ಮೇಜಿನ ಮೇಲೆ ಕೇಕು, ಕ್ರೀಮಿನಲ್ಲಿ ಮಾಡಿದ ಆಳೆತ್ತರದ ಹೆಂಗಸು ಒರಗಿದ್ದಳು. ಮೈಮೇಲೆ ನಾಲ್ಕು ದ್ರಾಕ್ಷಿ ಬಿಟ್ಟರೆ ನೂಲೆಳೆಯೂ ಇಲ್ಲ. ಮಾಡಿದವಳು ಮೇಷ್ಟ್ರ ಕೈಯಲ್ಲೇ ಕುಂಚ ಹಿಡಿಯಲು ಕಲಿತ ಶಿಷ್ಯೆ. ಥೂ, ತಿಂದು ಕೈ ತೊಳೆಯುವಂಥದ್ದೂ ಒಂದು ಕಲೆಯೇ!

“ಉದ್ಘಾಟನೆಗೆ ನೀವೇ ನಾಲ್ಕು ಮಾತಾಡ್ಬೇಕು ಸಾರ್. ಆಮೇಲೆ ಕತ್ತರಿಸಿ ಎಲ್ಲರಿಗೂ ಹಂಚೋಣ,” ಎಂದಿದ್ದಳು ಶಿಷ್ಯೆ.

“ಆಗ್ಲಮ್ಮ, ಅದಕ್ಕೇನಂತೆ,” ಎಂದು ಮೇಷ್ಟ್ರು ಹೊಟ್ಟೆಕಿಚ್ಚನ್ನು ನುಂಗಿಕೊಂಡು ನಕ್ಕಿದ್ದರು.

ತಮಾಷೆ ಸಾಮಾನಿನ ಅಂಗಡಿಯಲ್ಲಿ ಅವರಿಗೊಂದು ಪುಡಿ ಸಿಕ್ಕಿತು. ಸಕ್ಕರೆ ಪುಡಿಯಷ್ಟೇ ಬಿಳಿ, ರುಚಿಯಿಲ್ಲ, ವಾಸನೆಯಿಲ್ಲ. ಎಂಜಲು ತಾಗಿ ಅರ್ಧ ಗಂಟೆಯಾದರೆ ಮಾತ್ರ ಕಡುನೇರಳೆಯಾಗುತ್ತದೆ, ಮೂರು ದಿನ ಉಜ್ಜಿದರೂ ಹೋಗುವುದಿಲ್ಲ. ಬಂದ ಗಣ್ಯರೆಲ್ಲ ನೇರಳೆ ಬಾಯಿ ಬಿಟ್ಟುಕೊಂಡು ಫೋಟೋಗೆ ನಿಂತರೆ ಶಿಷ್ಯೆಯ ಕತೆ ಮುಗಿಯಿತು, ಗೋಡೆ ಮತ್ತೆ ತಮ್ಮದು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರು ಕೈಗವಸು ತೊಟ್ಟು ಹಿಂಬಾಗಿಲಿನಿಂದ ಒಳಬಂದರು. ಟೀ ಸೋಸುವ ಜಾಲರಿಯಿಂದ ಅವಳ ಮೈಮೇಲೆಲ್ಲ ಪುಡಿ ಉದುರಿಸಿದರು. ತುಟಿ ಮಾತ್ರ ನಾಜೂಕಿನ ಜಾಗ, ಪುಡಿ ನಿಲ್ಲಲಿಲ್ಲ. ಸರಿ, ನೀರಲ್ಲಿ ಕದಡಿ, ಅತಿ ಸಣ್ಣ ಕುಂಚದಿಂದ ಎಳೆಎಳೆಯಾಗಿ ಬಳಿದರು. ಹಾಳಾದವಳು ಎಷ್ಟು ಚೆಂದ ಮಾಡಿದ್ದಾಳಲ್ಲಾ ಎಂದು ಹೊಟ್ಟೆ ಇನ್ನಷ್ಟು ಉರಿಯಿತು. ಕುಂಚ, ಕೈಗವಸು, ಜಾಲರಿ ಮೂರನ್ನೂ ಎರಡು ಬೀದಿ ಆಚೆಯ ಕಸದ ತೊಟ್ಟಿಗೆ ಹಾಕಿದರು. ಕೇಕು ತಿನ್ನದಿರಲು ಸಕ್ಕರೆ ಕಾಯಿಲೆಯ ನೆಪ ತಯಾರಿತ್ತು. ಭೇಷ್ ಎಂದು ತಮ್ಮ ಬೆನ್ನು ತಾವೇ ತಟ್ಟಿಕೊಂಡು, ನಗು ಬರದಂತೆ ತುಟಿ ಬಿಗಿಹಿಡಿದು, ಮುಂದಿನ ಸಾಲಿನಲ್ಲಿ ಬಂದು ಕೂತರು.

“ಕಲಾಪ್ರೇಮಿಗಳೇ…” ಎಂದು ಅವರು ಎದ್ದು ಬಾಯಿ ತೆರೆದಿದ್ದೇ ತಡ, ಫೋಟೋದವನು ಕ್ಯಾಮೆರಾ ಕೆಳಗಿಳಿಸಿಬಿಟ್ಟ. ಎಲ್ಲರೂ ಅವರ ಬಾಯಿ ನೋಡಿದರು, ಆಮೇಲೆ ಕ್ರೀಮಿನ ಹೆಂಗಸಿನ ಬಾಯಿ ನೋಡಿದರು. ಎರಡೂ ಒಂದೇ ಕಡುನೇರಳೆ. “ಅಯ್ಯಯ್ಯೋ, ಮೇಷ್ಟ್ರು ಆಗ್ಲೇ ಮುತ್ತು ಕೊಟ್ಬಿಟ್ಟಿದ್ದಾರೆ ಕಣ್ರೀ!” ಎಂದು ಹಿಂದಿನಿಂದ ಯಾರೋ ಕೂಗಿದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಶಿಷ್ಯೆ ಮಾತ್ರ ನಗಲಿಲ್ಲ. ಕುಂಚದ ತುದಿ ಚೂಪಾಗಲು ನಾಲ್ಕು ಗೆರೆಗೊಮ್ಮೆ ಅದನ್ನು ನಾಲಿಗೆಗೆ ಒತ್ತಿಕೊಳ್ಳುವುದು ಮೇಷ್ಟ್ರ ನಲವತ್ತು ವರ್ಷದ ಅಭ್ಯಾಸ. ಮೊದಲ ದಿನದ ಪಾಠದಲ್ಲೇ ಅವಳಿಗೂ ಅದನ್ನು ಕಲಿಸಿದ್ದರು. ಅವಳು ಚಾಕುವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದಳು: “ಸಾರ್, ನನ್ನ ಕೇಕಿಗೆ ಏನು ಬಳಿದ್ರಿ?”