ಅವಳು ಹೇಳದ ವಾಕ್ಯ

ಅವಳಿಂದ ನನಗೆ ಸಿಕ್ಕ ಮೊದಲ ಬೈಗುಳ ಬೇರೆಯವರಿಗೆ ಸೇರಬೇಕಾದದ್ದು. ಕೊನೆಯದು ಮಾತ್ರ ಪೂರ್ತಿ ನನ್ನದೇ.

ಅವತ್ತು ಪ್ರೆಸ್ಸಿನ ಮೆಟ್ಟಿಲು ಹತ್ತಿ ಬಂದವಳು ಬಿಳಿ ಕೋಲಿನಿಂದ ನನ್ನ ಮೇಜಿನ ಕಾಲನ್ನು ಎರಡು ಸಲ ತಟ್ಟಿದಳು. ಅಲ್ಲಿ ಕೂತಿದ್ದ ನನ್ನ ಉಸಿರಿನ ಸದ್ದಿಗೇ ಮುಖ ತಿರುಗಿಸಿ ಶುರು ಮಾಡಿದಳು.

"ಪುಸ್ತಕದ ಫೈಲ್ ಕೇಳಿ ಮೂರು ಪತ್ರ ಬರೆದಿದ್ದೀನಿ. ಒಂದಕ್ಕೂ ಉತ್ತರ ಇಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಅವಳು ಓದೋಕಾಗೋ ರೂಪದಲ್ಲೇ ಪುಸ್ತಕ ಸಿಗಬೇಕು ಅಂತ ಕಾನೂನಿದೆ. ಕಾನೂನಿನ ಪುಸ್ತಕ ಅಚ್ಚು ಹಾಕೋದು ನೀವೇ. ನೀವು ಓದೋದೇ ಇಲ್ವಾ?"

"ಓದ್ತೀನಿ ಮೇಡಂ. ಓದೋದೇ ನನ್ನ ಕೆಲಸ. ನಾನು ಪ್ರೂಫ್ ನೋಡೋನು. ಮಾಲೀಕರು ಊಟಕ್ಕೆ ಹೋಗಿದ್ದಾರೆ."

ಅವಳ ಕಿವಿ ಕೆಂಪಾದವು. "ಅಯ್ಯೋ, ಹಾಗಾದ್ರೆ ಇಷ್ಟು ಹೊತ್ತು ಬೈದಿದ್ದೆಲ್ಲ ವೇಸ್ಟಾ?"

"ಇಲ್ಲ ಮೇಡಂ. ಬೇಕಾದ್ರೆ ಮಾಲೀಕರಿಗೆ ಒಂದು ತಪ್ಪಿಲ್ಲದ ಕಾಪಿ ಮಾಡಿಕೊಡ್ತೀನಿ."

ನಕ್ಕಳು. ನಗುವಾಗ ಅವಳು ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿ ಕಿವಿಯನ್ನು ನಮ್ಮ ಕಡೆ ಕೊಡುತ್ತಾಳೆ. ಬೇರೆ ಹುಡುಗಿಯರು ಕಣ್ಣಂಚಿನಿಂದ ಮಾಡುವ ಕೆಲಸವನ್ನು ಅವಳು ಕಿವಿಯಿಂದ ಮಾಡುತ್ತಿದ್ದಳು. ನಾನು ಅಲ್ಲಿಗೇ ಕೆಟ್ಟೆ.

ಮಾಲೀಕರು ಬಂದು, ಫೈಲ್ ಕೊಟ್ಟರೆ ಅದು ಊರೆಲ್ಲ ಹರಿದಾಡುತ್ತದೆ, ಆಗುವುದಿಲ್ಲ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವಳು ಕೋಲು ಮಡಚಿ ಕೂತೇಬಿಟ್ಟಳು. ಕೊನೆಗೆ ನಾನೇ, ದಿನಾ ಊಟದ ಹೊತ್ತಿಗೆ ಬಂದರೆ ಓದಿ ಹೇಳುತ್ತೇನೆ ಎಂದೆ. ಮಾಲೀಕರಿಗೆ ಪೀಡೆ ತೊಲಗಿದರೆ ಸಾಕಾಗಿತ್ತು.

ಎಂಟು ತಿಂಗಳು ಓದಿದೆ. ನನ್ನ ವಿದ್ಯೆ ಹನ್ನೆರಡನೇ ಕ್ಲಾಸಿಗೆ ಮುಗಿದದ್ದು. ಅವಳು ಲಾ ಕಾಲೇಜಿನ ಕೊನೆಯ ವರ್ಷ. ಪ್ರೂಫ್ ಓದುವವರಿಗೆ ಗಟ್ಟಿಯಾಗಿ ಓದುವಾಗ ಚಿಹ್ನೆಗಳನ್ನೂ ಓದುವ ಚಟ. ವಾಕ್ಯ ಮುಗಿದಲ್ಲೆಲ್ಲ ನಾನು "ಪೂರ್ಣವಿರಾಮ" ಎನ್ನುತ್ತಿದ್ದೆ.

"ಪ್ರೂಫ್ ಸಾಹೇಬ್ರೇ, ಹುಡುಗೀರ ಹತ್ರ ಮಾತಾಡೋವಾಗ್ಲೂ ಹೀಗೇನಾ?"

"ಹುಡುಗೀರ ಹತ್ರ ಮಾತಾಡಿ ಅಭ್ಯಾಸ ಇಲ್ಲ, ಲಾಯರಮ್ಮ."

"ಪೂರ್ಣವಿರಾಮ ಹಾಕಲಿಲ್ಲ?"

"ಮಾತು ಇನ್ನೂ ಮುಗಿದಿಲ್ಲ."

ಅವಳ ಬೆರಳು ಮೇಜಿನ ಅಂಚಿನಲ್ಲಿ ಸುಮ್ಮನೆ ಹಿಂದೆ ಮುಂದೆ ಓಡಾಡಿತು. ಮಾರನೇ ದಿನದಿಂದ "ನೀವು" ಹೋಗಿ "ನೀನು" ಬಂತು, ಅದರ ಹಿಂದೆಯೇ "ಕಣೋ" ಕೂಡ. ನಾನು ಬಸ್ಸಿನವರೆಗೆ ಹೋಗಿ ಬಿಟ್ಟುಬರತೊಡಗಿದೆ. ಅವಳು ನನ್ನ ಮೊಣಕೈ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಅದು ನಡೆಯುವ ರೀತಿ ಅಷ್ಟೇ, ಪ್ರೀತಿಯಲ್ಲ ಎಂದು ಅವಳೇ ಒಂದು ದಿನ ಎಚ್ಚರಿಸಿದಳು. ಆದರೆ ಬಸ್ಸು ಬಂದ ಮೇಲೂ ಕೈ ಬಿಡಲು ತಡಮಾಡುತ್ತಿದ್ದಳು.

ನಾನು ಅಕ್ಕನ ಮನೆಯಲ್ಲಿದ್ದವನು. ಅಕ್ಕನಿಗೆ ವಾಸನೆ ಹತ್ತಿತು. "ಮೊಸರಲ್ಲೂ ಕಲ್ಲು ಹುಡುಕೋ ನಿನಗೆ ಒಪ್ಪಿಗೆಯಾದೋಳು ಯಾರೋ ಅದು? ಮನೆಗೆ ಕರ್ಕೊಂಡು ಬಾ, ನಾನೂ ನೋಡ್ತೀನಿ" ಎಂದಳು.

ಲಾಯರಮ್ಮನಿಗೆ ಮಾತ್ರ ಆಗ ಒಂದೇ ಹಟ. ಓದಿ ಹೇಳುವ ಸಾಫ್ಟ್‌ವೇರ್ ಇರುವ ಕಂಪ್ಯೂಟರಿನಲ್ಲಿ, ತನ್ನ ಕೈಯಾರೆ ಪರೀಕ್ಷೆ ಬರೆಯಬೇಕು. ಕಾನೂನಿನಲ್ಲಿ ಅದಕ್ಕೆ ದಾರಿಯಿತ್ತು. ಕಾಲೇಜಿನವರು, ಕಂಪ್ಯೂಟರ್ ಕೊಟ್ಟರೆ ಕಾಪಿ ಹೊಡೆಯುತ್ತೀರಿ, ಹೇಳಿ ಬರೆಸಲು ಸ್ಕ್ರೈಬ್ ಕೊಡುತ್ತೇವಲ್ಲ ಎಂದರು. ಅವಳು ಅಂಗವಿಕಲರ ಆಯುಕ್ತರಿಗೆ ಅರ್ಜಿ ಹಾಕಿದಳು. ಅದೇ ಕಾಲೇಜಿನಲ್ಲಿ ಕಣ್ಣು ಕಾಣದ ಇನ್ನೂ ಮೂವರಿದ್ದರು. ಅವರೂ ಇವಳ ಅರ್ಜಿಯನ್ನೇ ನಂಬಿಕೊಂಡಿದ್ದರು.

"ಹನ್ನೆರಡು ವರ್ಷದಿಂದ ಬೇರೆಯವರ ಕೈಯಲ್ಲೇ ಬರೆಸಿದ್ದೀನಿ ಕಣೋ. ಫಸ್ಟ್ ಬಂದ್ರೆ ಬರೆದೋರು ಜಾಣರು ಅಂತಾರೆ. ಫೇಲಾದ್ರೆ ನಾನು ದಡ್ಡಿ. ಒಂದೇ ಒಂದು ಸಲ ನನ್ನದು ಅಂತ ಒಂದು ಪೇಪರ್ ಇರಬೇಕು."

ಅರ್ಜಿಗಿಂತ ಪರೀಕ್ಷೆ ಮೊದಲು ಬಂತು. ಅಲ್ಲಿಯವರೆಗೆ ಸ್ಕ್ರೈಬೇ ಗತಿ. ಬರೆಯುವವರು ಬರೆಸುವವರಿಗಿಂತ ಕಡಿಮೆ ಓದಿರಬೇಕು ಎನ್ನುವುದು ನಿಯಮ. ಜೀವನದಲ್ಲಿ ಮೊದಲ ಸಲ ನನ್ನ ಹನ್ನೆರಡನೇ ಕ್ಲಾಸು ಉಪಯೋಗಕ್ಕೆ ಬಂತು. ಅಭ್ಯರ್ಥಿ ಹೇಳಿದ್ದನ್ನೇ ಬರೆಯುತ್ತೇನೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಕಾಗದಕ್ಕೆ ಸಹಿ ಹಾಕಿದೆ.

ನಮಗೇ ಒಂದು ಪ್ರತ್ಯೇಕ ಕೋಣೆ, ಒಂದು ಗಂಟೆ ಹೆಚ್ಚು ಸಮಯ, ಬಾಗಿಲ ಬಳಿ ತೂಕಡಿಸುವ ಮೇಲ್ವಿಚಾರಕರು. ಕೊನೆಯ ಪೇಪರ್ ಅಂಗವಿಕಲರ ಶಿಕ್ಷಣದ ಕಾನೂನಿನ ಮೇಲೆಯೇ ಇತ್ತು. ಅವಳು ಕಣ್ಣು ಮುಚ್ಚಿ, ನಿಧಾನವಾಗಿ ಹೇಳುತ್ತಿದ್ದಳು. ಎಷ್ಟನೇ ವಯಸ್ಸಿನವರೆಗೆ ಉಚಿತ ಶಿಕ್ಷಣ ಎಂಬಲ್ಲಿ "ಹದಿನಾಲ್ಕು" ಎಂದಳು. ಅದು ಎಲ್ಲ ಮಕ್ಕಳ ಲೆಕ್ಕ. ಅವಳಂಥ ಮಕ್ಕಳಿಗೆ ಹದಿನೆಂಟು. ಆ ಪುಟವನ್ನು ನಾನೇ ಆರು ಸಲ ಓದಿ ಹೇಳಿದ್ದೆ. ಹದಿನೈದು ವರ್ಷದಿಂದ ತಪ್ಪು ಕಂಡಲ್ಲಿ ತಿದ್ದಿದ ಕೈ, ನನ್ನನ್ನು ಕೇಳಲಿಲ್ಲ. ಹದಿನೆಂಟು ಎಂದು ಬರೆಯಿತು.

ಕೈಯ ಮೇಲೆ ತಪ್ಪು ಹಾಕಿ ಪಾರಾಗಬಹುದಿತ್ತು, ಅಲ್ಲಿಗೇ ನಿಲ್ಲಿಸಿದ್ದರೆ. ಸ್ಕ್ರೈಬ್ ಎಂಬ ಏರ್ಪಾಡಿನ ಬಗ್ಗೆ ಒಂದು ಪ್ರಶ್ನೆಯಿತ್ತು. ಅವಳ ಉತ್ತರ ಮುಗಿದು ಪುಟದ ತಳದಲ್ಲಿ ಎರಡು ಸಾಲು ಖಾಲಿ ಉಳಿಯಿತು. ಅವಳು ನೀರು ಕುಡಿಯುತ್ತಿದ್ದಳು. ಕುತ್ತಿಗೆಯ ಮೇಲೆ ಒಂದು ಕೂದಲೆಳೆ ಅಂಟಿತ್ತು. ಅದನ್ನು ನೋಡುತ್ತಾ ನಾನು ಬರೆದೆ: "ನಂಬಿಕೆಯ ಒಂದು ಕೈ ಪಕ್ಕದಲ್ಲಿದ್ದರೆ ಕಣ್ಣಿಲ್ಲದವಳಿಗೆ ಬೇರೇನೂ ಬೇಡ. ಅವಳು ಲೋಕವನ್ನೇ ಬರೆದಾಳು."

ಅದು ಉತ್ತರವಲ್ಲ, ಪ್ರೇಮಪತ್ರ. ಬಾಯಲ್ಲಿ ಹೇಳಲು ಧೈರ್ಯವಿಲ್ಲದ ಹೇಡಿ ಅವಳ ಪರೀಕ್ಷೆಯ ಹಾಳೆಯಲ್ಲಿ ಬರೆದ.

"ಒಂದ್ಸಲ ಓದು" ಎಂದಳು. ಹದಿನಾಲ್ಕು ಎಂದೇ ಓದಿದೆ. ಆ ಎರಡು ಸಾಲನ್ನು ಓದಲೇ ಇಲ್ಲ.

ಆ ಪೇಪರಿನಲ್ಲಿ ಅವಳು ಕ್ಲಾಸಿಗೇ ಫಸ್ಟ್ ಬಂದಳು. ಫಲಿತಾಂಶ ಕೇಳಿದ ದಿನ ಬಸ್ ನಿಲ್ದಾಣದಲ್ಲಿ ನನ್ನ ಎರಡೂ ಕೈ ಹಿಡಿದು ಕುಣಿದುಬಿಟ್ಟಳು. "ನನಗೆ ಇಷ್ಟು ಬರುತ್ತೆ ಅಂತ ನನಗೇ ಗೊತ್ತಿರಲಿಲ್ಲ ಕಣೋ!" ಆಗಲಾದರೂ ಹೇಳಬೇಕಿತ್ತು. ಅವಳ ಸಂತೋಷ ನೋಡುತ್ತಾ ನಿಂತೆ.

ಆಯುಕ್ತರ ಮುಂದೆ ಅವಳ ಅರ್ಜಿಯ ವಿಚಾರಣೆಯ ದಿನ ಅಕ್ಕ ಬೆಳಿಗ್ಗೆಯೇ ಆಜ್ಞೆ ಮಾಡಿದ್ದಳು: "ಕೇಸು ಮುಗಿದ ಮೇಲೆ ಅವಳು ನಮ್ಮನೇಲೇ ಊಟಕ್ಕೆ." ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದೆ.

ಉದ್ದನೆಯ ಮೇಜು, ಕೊನೆಯಲ್ಲಿ ಕಮಿಷನರ್ ಮೇಡಂ, ಪಕ್ಕದಲ್ಲಿ ಟೈಪಿಸ್ಟ್. ನಾನು ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತೆ. ಕಾಲೇಜಿನ ವಕೀಲರು ಎದ್ದರು.

"ಮೇಡಂ, ಅರ್ಜಿದಾರರು ಕ್ಲಾಸಿಗೇ ಫಸ್ಟ್. ಅದೂ ಸ್ಕ್ರೈಬ್ ಇಟ್ಕೊಂಡೇ. ಇನ್ನು ಕಂಪ್ಯೂಟರ್ ಯಾಕೆ ಬೇಕು? ನಾನು ವಾದ ಮಾಡೋದೇ ಬೇಡ, ಅವರ ಉತ್ತರಪತ್ರಿಕೆಯನ್ನೇ ಓದ್ತೀನಿ."

ಓದಿದರು. ಆ ಎರಡು ಸಾಲು.

ನನ್ನ ಪ್ರೇಮಪತ್ರ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

"ಸರ್, ಇನ್ನೊಂದು ಸಲ ಓದ್ತೀರಾ?" ಎಂದಳು ಅವಳು. ಅವರು ಖುಷಿಯಿಂದಲೇ ಓದಿದರು. ಅವಳು ಮೆಲ್ಲನೆ ನನ್ನ ಕಡೆ ತಿರುಗಿದಳು. ನಾನು ಎಲ್ಲಿ ಕೂತಿರುತ್ತೇನೆ ಎಂದು ಅವಳಿಗೆ ಯಾವಾಗಲೂ ಗೊತ್ತಿರುತ್ತಿತ್ತು.

"ಇದು ನಾನು ಹೇಳಿದ್ದಾ?"

ಹೌದು, ನೀನೇ ಮರೆತಿದ್ದೀಯ ಎನ್ನಬಹುದಿತ್ತು. ನಾಲ್ಕು ಗಂಟೆ ಹೇಳಿದ್ದರಲ್ಲಿ ಯಾರಿಗೆ ಎಲ್ಲ ನೆನಪಿರುತ್ತದೆ? ಅವಳ ಅಂಕ ಉಳಿಯುತ್ತಿತ್ತು, ಅಕ್ಕನ ಅಡಿಗೆ ಆರುತ್ತಿರಲಿಲ್ಲ. ಕಂಪ್ಯೂಟರ್ ಮಾತ್ರ ಅವಳಿಗೂ ಸಿಗುತ್ತಿರಲಿಲ್ಲ, ಆ ಮೂವರಿಗೂ ಸಿಗುತ್ತಿರಲಿಲ್ಲ.

"ಇಲ್ಲ" ಎಂದೆ.

"ಇನ್ನೇನು ಬದಲಾಯಿಸಿದ್ದೀಯ?"

"ನೀನು ಹದಿನಾಲ್ಕು ಅಂದೆ. ನಾನು ಹದಿನೆಂಟು ಅಂತ ಬರೆದೆ."

"ಓದು ಅಂದಾಗ?"

"ನೀನು ಹೇಳಿದ ಹಾಗೆ ಓದಿದೆ. ನಾನು ಬರೆದ ಹಾಗಲ್ಲ."

ಅವಳು ಮೇಜು ಹಿಡಿದು ಎದ್ದು ನಿಂತಳು.

"ಮೇಡಂ, ಆ ಪೇಪರ್ ರದ್ದು ಮಾಡಿ. ನಾನು ಇನ್ನೊಂದು ವರ್ಷ ಕೂತು ಬರೀತೀನಿ. ನನ್ನ ಅರ್ಜಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಇವರು ನನ್ನ ಶತ್ರು ಅಲ್ಲ. ನನ್ನನ್ನ ಪ್ರೀತಿಸೋರು. ನಾನೂ ಇವರನ್ನ ಪ್ರೀತಿಸ್ತೀನಿ. ಅಂಥವರ ಕೈಯಲ್ಲೇ ನನ್ನ ಮಾತಿಗೆ ಹೀಗಾಯ್ತು. ಗುರುತಿಲ್ಲದವರ ಕೈಯಲ್ಲಿ ಏನಾಗುತ್ತೆ, ನೀವೇ ಯೋಚನೆ ಮಾಡಿ."

ನಮ್ಮಿಬ್ಬರ ನಡುವೆ ಪ್ರೀತಿ ಎಂಬ ಮಾತು ಬಂದದ್ದು ಅದೇ ಮೊದಲು. ಟೈಪಿಸ್ಟ್ ಅದನ್ನೂ ಟೈಪ್ ಮಾಡಿಕೊಂಡರು.

ಹೊರಗೆ ಮೆಟ್ಟಿಲ ಬಳಿ ಮೊಣಕೈ ಮುಂದೆ ಮಾಡಿದೆ. ಅವಳು ಕೋಲು ಬಿಚ್ಚಿದಳು.

"ನಿನ್ನ ಒಳ್ಳೇದಕ್ಕೇ ಮಾಡ್ದೆ" ಎಂದೆ. ಇದಕ್ಕಿಂತ ಹೊಲಸು ಮಾತು ಇನ್ನೊಂದಿಲ್ಲ ಎಂದು ಹೇಳಿದ ಮೇಲೆ ಗೊತ್ತಾಯಿತು.

"ಎಲ್ಲರೂ ಅದಕ್ಕೇ ಮಾಡ್ತಾರೆ ಕಣೋ. ನಮ್ಮಮ್ಮ ತಟ್ಟೇಲಿ ಕಲಸಿಕೊಡ್ತಾರೆ. ಅಣ್ಣ ನನ್ನ ಸಹಿ ತಾನೇ ಹಾಕ್ತಾನೆ. ಅವರ ಮಧ್ಯೆ ನೀನೊಬ್ಬನೇ ನಾನು ಹೇಳೋದನ್ನ ಕೇಳ್ತೀಯ ಅಂದ್ಕೊಂಡಿದ್ದೆ. ನನ್ನ ತಪ್ಪನ್ನೂ ಕಿತ್ಕೊಂಡ್ಯಲ್ಲೋ, ಕಳ್ಳ."

ಕೋಲು ತಟ್ಟುತ್ತಾ ಇಳಿದುಹೋದಳು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಅವತ್ತು ಅಕ್ಕ ಅವಳಿಗೆಂದು ಮಾಡಿದ್ದನ್ನು ನಾನೊಬ್ಬನೇ ಕೂತು ಉಂಡೆ.

ತಿಂಗಳೊಳಗೆ ಆದೇಶ ಬಂತು. ಕೇಳಿದವರಿಗೆಲ್ಲ ಕಂಪ್ಯೂಟರ್ ಕೊಡಬೇಕು. ಅವಳ ಆ ಪೇಪರ್ ರದ್ದು. ನಾನು ಇನ್ನು ಯಾರಿಗೂ ಸ್ಕ್ರೈಬ್ ಆಗುವಂತಿಲ್ಲ. ಅವಳು ಪ್ರೆಸ್ಸಿಗೆ ಬರಲಿಲ್ಲ, ನಾನು ಫೋನ್ ಮಾಡಿದರೆ ಎತ್ತಲಿಲ್ಲ.

ಮುಂದಿನ ವರ್ಷದ ಫಲಿತಾಂಶದ ದಿನ ಅವಳೇ ಫೋನ್ ಮಾಡಿದಳು.

"ಐವತ್ಮೂರು!" ಎಂದು ಕೂಗಿದಳು. "ಎರಡು ಉತ್ತರ ಪೂರ್ತಿ ತಪ್ಪಂತೆ. ಒಂದು ಪುಟ ನಾನೇ ಅಳಿಸಿಹಾಕಿಬಿಟ್ಟೆ, ಬೆವರಿಳಿದುಹೋಯ್ತು. ಆ ಐವತ್ಮೂರೂ ನಂದೇ ಕಣೋ!"

ಕ್ಲಾಸಿಗೆ ಫಸ್ಟ್ ಬಂದ ದಿನವೂ ಅವಳು ಹೀಗೆ ನಕ್ಕಿರಲಿಲ್ಲ. ಈ ನಗು ನಾನು ಕೊಟ್ಟದ್ದಲ್ಲ, ನಾನು ಅವಳಿಂದ ಒಂದು ವರ್ಷ ತಡೆಹಿಡಿದದ್ದು.

"ಮೊದಲು ನಿನಗೇ ಹೇಳಬೇಕು ಅನ್ನಿಸ್ತು" ಎಂದಳು, ದನಿ ಇಳಿಸಿ. "ಹಾಗನ್ನಿಸಿದ್ದಕ್ಕೆ ಸಿಟ್ಟೂ ಬಂತು."

"ಒಂದ್ಸಲ ಬಂದು ನೋಡ್ಲಾ?"

ಆ ಕಡೆ ಅವಳು ಕೋಲಿನಿಂದ ನೆಲವನ್ನು ಎರಡು ಸಲ ತಟ್ಟಿದ್ದು ಕೇಳಿಸಿತು.

"ಬೇಡ. ನೀನು ಎದುರಿಗೆ ಬಂದ್ರೆ ನಾನು ಕರಗ್ತೀನಿ. ಆಮೇಲೆ ನೀನು ಏನು ಓದಿ ಹೇಳಿದ್ರೂ, ಇದು ಅಲ್ಲಿರೋದಾ, ನೀನು ಸೇರಿಸಿದ್ದಾ ಅಂತ ದಿನಾ ಅನುಮಾನ ಪಡಬೇಕು. ನಿನ್ನ ಜೊತೆ ಹಾಗೆ ಬದುಕೋಕೆ ನನ್ನ ಕೈಲಾಗಲ್ಲ. ಪ್ರೀತಿ ಹೋಗಿಲ್ಲ ಕಣೋ, ನಂಬಿಕೆ ಹೋಗಿದೆ. ಇನ್ಮೇಲೆ ಫೋನ್ ಮಾಡಬೇಡ. ನಾನೂ ಮಾಡಲ್ಲ."

ಹೇಳುವುದಕ್ಕೆ ನನ್ನ ಬಳಿ ಎಷ್ಟೋ ಮಾತಿದ್ದವು. ಆದರೆ ಅವಳ ಮಾತಿಗೆ ನನ್ನದೊಂದನ್ನು ಸೇರಿಸುವ ಹಕ್ಕು ನನಗೆ ಉಳಿದಿರಲಿಲ್ಲ.

"ಸರಿ" ಎಂದೆ. ಅವಳು ಫೋನ್ ಇಟ್ಟಳು.